ಕರಿ ಉಣ್ಣೆಯ ಗುರುತು

೧೯೪೪ರಲ್ಲಿ, ಐದನೇ ಇಯತ್ತೆಗೆ, ನನ್ನ ಸಾಲಿ ನಿಂತಿತು. ಬನಹಟ್ಟಿಯ ನಮ್ಮ ಮನೆಯ ಮಗ್ಗಕ್ಕೆ ಕೈ ಬೇಕಾಗಿತ್ತು. ೧೯೫೩ರಲ್ಲಿ ಮುಂಬಯಿ ಸರ್ಕಾರದ ಆರೋಗ್ಯ ಖಾತೆಯಲ್ಲಿ ಬಾವಿಗೆ ಔಷಧಿ ಹಾಕುವ ಕೆಲಸಕ್ಕೆ ಸೇರಿದೆ. ಯಾರ ವಶೀಲಿಯೂ ಇಲ್ಲ. ದುಡಿದು ಉಳಿಸಿಕೊಂಡ ನೌಕರಿ.

ಆ ಬೇಸಿಗೆ ಬೀಳಗಿ ಕಡೆಯ ಒಂದು ಕುರುಬರ ಓಣಿಗೆ ಹೋದೆ. ಅಲ್ಲಿ ನಾರುಹುಣ್ಣಿನ ಕಾಟ. ಮೆಟ್ಟಿಲು ಇಳಿದು ನೀರು ತುಂಬುವ ಪಾವಟಿಗೆ ಬಾವಿಯಲ್ಲಿ ಸೈಕ್ಲೋಪ್ಸ್ ಎಂಬ ಸಣ್ಣ ಜೀವಿ ಇರುತ್ತದೆ. ನಾರುಹುಳದ ಮರಿ ಅದರೊಳಗೆ ಕೂತು ನಮ್ಮ ಹೊಟ್ಟೆ ಸೇರಿ, ವರ್ಷದ ಮೇಲೆ ದಾರದಂತೆ ಕಾಲಿನಿಂದ ಹೊರಬರುತ್ತದೆ. ಆ ಓಣಿಯ ಕಾಶವ್ವ ಎಂಬವಳ ಗಂಡ ಬೀರಪ್ಪ ಹಾಗೆ ಮೀನಖಂಡ ಊದಿ ಮಲಗಿದ್ದ. ನೀರು ಸೋಸಿ ಕುಡಿಯಿರಿ ಎಂದರೆ ಕಾಶವ್ವ ನಕ್ಕಳು.

"ಇವತ್ತ ಕುಡದ ನೀರು ಬರೋ ವರ್ಷ ಕಾಲಾಗ ಬರತೈತೇನ್ರಿ? ಅಲ್ಲೀತನಾ ದಾರಿ ಮರೀತೈತಿ ಅದು!"

ಬೀರಪ್ಪನೂ ನೋವಿನಲ್ಲೇ ನಕ್ಕ. ವರ್ಷದ ಆಚೆಗಿನದಕ್ಕೆ ಯಾರು ಅಂಜುತ್ತಾರೆ? ಅವಳ ಕೊಡದ ನೀರನ್ನೇ ಗಾಜಿನ ಗ್ಲಾಸಿಗೆ ಸುರಿದು ಬಿಸಿಲಿಗೆ ಹಿಡಿದೆ. ಬಿಳಿ ಚುಕ್ಕೆಗಳು ಜಿಗಿಯುತ್ತಿದ್ದವು. ಅವಳ ನಗೆ ನಿಂತಿತು. ಕೊಡದ ನೀರನ್ನೆಲ್ಲ ಅಂಗಳಕ್ಕೆ ಚೆಲ್ಲಿ, ನಾಲ್ಕು ವರ್ಷದ ಮಗಳು ಮಲ್ಲಿಯನ್ನು ಎಳೆದು ಅಪ್ಪಿಕೊಂಡಳು.

ಔಷಧಿಯ ಲೆಕ್ಕಕ್ಕೆ ಬಾವಿಯ ಅಳತೆ ಮುಗಿಸಿ ಮಧ್ಯಾಹ್ನ ಬಂದರೆ, ಮಲ್ಲಿ ನೀರಿಗಾಗಿ ಅತ್ತು ಸೋತಿದ್ದಳು. ತುಟಿ ಒಣಗಿತ್ತು. ಓಣಿಗೆಲ್ಲ ಅದೊಂದೇ ಬಾವಿ.

"ಸತ್ರೂ ಆ ಹುಳ ಕುಡಸಾಂಗಿಲ್ಲರಿ," ಎಂದಳು ಕಾಶವ್ವ.

ಈಗ ಅಂಜುವ ಸರದಿ ನನ್ನದು. ಚೀಲದಲ್ಲಿದ್ದ ನಮ್ಮ ಮಗ್ಗದ ಹೊಸ ಅರಿವೆಯನ್ನು ಎರಡು ಮಡಿಕೆ ಮಾಡಿ, ಬಾವಿಯ ನೀರು ಸೋಸಿ, ಮತ್ತೆ ಗ್ಲಾಸನ್ನು ಬಿಸಿಲಿಗೆ ಹಿಡಿದೆ. ಒಂದೂ ಚುಕ್ಕೆ ಇಲ್ಲ. ಮೊದಲು ನಾನೇ ಕುಡಿದೆ.

"ನಾಳೆ ಅರಿವಿ ತಿರುವಿ ಹಾಕಿದ್ರ? ಮ್ಯಾಲಿನ ಹುಳ ಕೆಳಗ ಬೀಳತಾವಲ್ರಿ?"

ಛಲೋ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕಂಬಳಿಯಿಂದ ಕರಿ ಉಣ್ಣೆ ಎಳೆದು ಅರಿವೆಯ ಒಂದು ಮಗ್ಗುಲಿಗೆ ಹೊಲಿದಳು. ಕರಿ ಗುರುತು ಯಾವಾಗಲೂ ಮೇಲೆ. ಆಮೇಲೆ ಮಲ್ಲಿ ಗಟಗಟ ಕುಡಿದಳು. ಕಾಶವ್ವ ಗೋಡೆಗೊರಗಿ ಕೂತಳು. ಹುಣ್ಣಿನ ಕಾಲು ನೀರಿಗೆ ತಾಗಿದರೆ ನಾರು ಮತ್ತೆ ಮರಿ ಬಿಡುತ್ತದೆ ಎಂದು ನಾನು ಅಂದದ್ದೇ ತಡ, ಗಂಡನತ್ತ ತಿರುಗಿದಳು: "ಆ ಕಾಲು ಬಾವ್ಯಾಗ ಇಳಸ್ರಿ ನೋಡೋಣ, ಮುರದ ಹಾಕ್ತೇನಿ!"

ಆದರೆ ಸೋಸುವ ಮೊದಲು ಕುಡಿದ ನೀರು ಹೊಟ್ಟೆಯಲ್ಲಿತ್ತಲ್ಲ. ಮುಂದಿನ ಬೇಸಿಗೆ ಹೋದವನೇ ಮಲ್ಲಿಯ ಕಾಲು ನೋಡಿದೆ. ಎರಡೂ ಸಾಫ್! ಕುರಿಮರಿಯ ಬೆನ್ನಟ್ಟಿ ಓಡಿದಳು. ಓಣಿಯ ಪ್ರತಿ ಕೊಡದ ಮೇಲೂ ಕರಿ ಗುರುತಿನ ಅರಿವೆ. ಕಾಶವ್ವ ಸವೆದ ಹಳೆಯದನ್ನು ನನಗೆ ಕೊಟ್ಟು ಹೊಸದು ಇಸಿದುಕೊಂಡಳು.

ಅಂಜಿಕೆ ಮನುಷ್ಯನನ್ನು ಎಬ್ಬಿಸುತ್ತದೆ, ಅಷ್ಟೇ. ಎದ್ದವರ ಕೈಗೆ ಒಂದು ಕೆಲಸ ಕೊಡದೆ ಅಲ್ಲಿಂದ ಬರಬಾರದು. ನೌಕರಿ ಕಲಿಸಿದ್ದು ಇದು.

ಈಗ ನನ್ನ ಹತ್ತಿರ ಇರುವುದು ಎರಡು ಕೋಣೆಯ ಮನೆ, ಒಂದು ಮಗ್ಗ, ಐದು ಮೊಮ್ಮಕ್ಕಳು, ಕರಿ ಉಣ್ಣೆ ಹೊಲಿದ ಒಂದು ಹಳೇ ಅರಿವೆ.