ತಿಮಿಂಗಿಲದ ಬಾಣಂತನ

ನಾನು ಸಮುದ್ರ ನೋಡಿದವನಲ್ಲ. ದೊಡ್ಡ ನೀರು ಅಂತ ಕಂಡದ್ದು ಯಡಿಯೂರು ಕೆರೆಯೊಂದೇ. ಆದರೂ ಜಯನಗರದ ಹೈಸ್ಕೂಲೊಂದರಲ್ಲಿ ಸೈನ್ಸ್ ಮೇಷ್ಟ್ರಾದ ತಪ್ಪಿಗೆ ತಿಮಿಂಗಿಲದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ಈ ಹುಚ್ಚು ಹಿಡಿದದ್ದು ಐವತ್ತರ ದಶಕದ ಕೊನೆಯ ಒಂದು ಡಿಸೆಂಬರಿನಲ್ಲಿ, ಬೆಳಗ್ಗೆ ತಣ್ಣೀರಿಗೆ ಬೆರಳದ್ದಿ ಥಟ್ಟನೆ ಕೈ ತೆಗೆದಾಗ. ಮನೆಯೊಳಗೇ ಮಫ್ಲರ್ ಸುತ್ತಿಕೊಂಡು ನಡುಗುತ್ತೇನೆ ನಾನು. ನನ್ನಂತೆಯೇ ಬಿಸಿರಕ್ತದ ಆ ಪ್ರಾಣಿ ಮಂಜುಗಡ್ಡೆ ತೇಲುವ ನೀರಿನಲ್ಲಿ ಹಾಯಾಗಿರುವುದಾದರೂ ಹೇಗೆ? ಕೆರೆಯ ಎಮ್ಮೆಗಳನ್ನೂ ನಿಂತು ನೋಡಿದೆ. ಅವೂ ಬಿಸಿಲೇರದೆ ನೀರಿಗಿಳಿಯುತ್ತಿರಲಿಲ್ಲ.

ಲೈಬ್ರರಿಯಿಂದ ದಪ್ಪ ಪುಸ್ತಕ ತಂದೆ. ಚರ್ಮದ ಕೆಳಗೆ ಗೇಣು ದಪ್ಪದ ಕೊಬ್ಬಂತೆ. ಮೈಯೂ ಭಾರಿ. ಹಂಡೆಯ ನೀರು ಮಧ್ಯಾಹ್ನದವರೆಗೂ ಬೆಚ್ಚಗಿದ್ದು, ಲೋಟದ ಕಾಫಿ ಪೇಪರ್ ಮಡಿಸುವಷ್ಟರಲ್ಲಿ ಆರುತ್ತದಲ್ಲ, ಅದೇ ಲೆಕ್ಕ. ಈಜುರೆಕ್ಕೆಯಲ್ಲಂತೂ ಹೊರಗೆ ಹೋಗುವ ಬಿಸಿ ರಕ್ತದ ನಾಳ, ಒಳಗೆ ಬರುವ ತಣ್ಣನೆ ರಕ್ತದ ನಾಳ ಅಂಟಿಕೊಂಡೇ ಇರುತ್ತವೆ. ಹೋಗುವ ರಕ್ತ ತನ್ನ ಬಿಸಿಯನ್ನು ಬರುವ ರಕ್ತಕ್ಕೆ ದಾಟಿಸಿಯೇ ಮುಂದೆ ಹೋಗುತ್ತದೆ. ಇಂಥ ಜಿಪುಣತನ ನಮ್ಮ ಮನೆತನದಲ್ಲೂ ಯಾರಿಗೂ ಇಲ್ಲ.

ಇದನ್ನೆಲ್ಲ ಕೇಳುವವರು ಬೇಕಲ್ಲ! ಹೆಂಡತಿ ಸರೋಜ ಆಗ ಹದಿನೈದು ದಿನದ ಬಾಣಂತಿ. ಅವಳಿಗೆ ತಾಯಿ ಇಲ್ಲದ್ದರಿಂದ ಬಾಣಂತನ ನಮ್ಮಮ್ಮನದೇ. ಕಿಟಕಿ ಮುಚ್ಚಿದ ಕೋಣೆ, ಕೆಂಡದ ಅಗ್ಗಿಷ್ಟಿಕೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಊಟಕ್ಕೆ ಮೆಣಸಿನ ಸಾರು, ಹಿಡಿಯಷ್ಟು ಅನ್ನ. ನೀರು ಎರಡೇ ಗುಟುಕು, ಹೆಚ್ಚಾದರೆ ಮಗುವಿಗೆ ಶೀತ ಅಂತ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಹಾಗಾಗಿ ನಾನು ಹೊಸಿಲಾಚೆ ಕುರ್ಚಿ ಹಾಕಿಕೊಂಡು ಪಾಠ ಶುರುಮಾಡಿದೆ. ಪಕ್ಕದ ಅಡಿಗೆಮನೆಯಲ್ಲಿದ್ದ ಅಮ್ಮನಿಗೂ ಎಲ್ಲ ಕೇಳಿಸುತ್ತಿತ್ತು.

"ಹೆರಿಗೆಗೆ ತಾಯಿ ಬೆಚ್ಚನೆ ಸಮುದ್ರಕ್ಕೆ ಬರುತ್ತೆ ಕಣೆ. ಮರಿಗೆ ಇನ್ನೂ ಕೊಬ್ಬು ಸಾಲದು ನೋಡು. ಹಾಲು ಮಾತ್ರ ಬೆಣ್ಣೆ ಕದಡಿದ ಹಾಗೆ, ಅಷ್ಟು ಗಟ್ಟಿ."

"ರೀ, ಆ ತಾಯಿ ಏನು ತಿನ್ನುತ್ತೆ?"

ಪ್ರಶ್ನೆ ಕೇಳುವ ವಿದ್ಯಾರ್ಥಿನಿ ಸಿಕ್ಕಳೆಂದು ಉಬ್ಬಿಹೋದೆ. "ಅದೇ ಸೋಜಿಗ! ಎಷ್ಟೋ ಜಾತಿಗಳಲ್ಲಿ ತಿಂಗಳುಗಟ್ಟಲೆ ಉಪವಾಸ. ತಣ್ಣೀರಲ್ಲಿ ತಿಂದು ಕೂಡಿಟ್ಟ ಕೊಬ್ಬು ಕರಗಿಸಿ ಹಾಲು ಮಾಡುತ್ತೆ."

ಒಳಗೆ ಮಗು ಅಳುತ್ತಿತ್ತು. ಪಾಠ ಶುರುವಾದಾಗಿನಿಂದಲೂ ಅಳುತ್ತಿತ್ತು, ನಾನು ದನಿ ಏರಿಸಿಕೊಂಡಿದ್ದೆ ಅಷ್ಟೆ.

"ನನ್ನ ಮೈಯಲ್ಲಿ ಕೂಡಿಟ್ಟಿದ್ದು ಏನೂ ಇಲ್ಲ ಕಣ್ರೀ," ಅಂದಳು ಸರೋಜ. "ಮಗೂಗೆ ಹಾಲು ಸಾಲ್ತಿಲ್ಲ. ನಂಗೆ ಹಸಿವು, ಬಾಯಾರಿಕೆ."

ನಾಚಿಕೆಯಾಯಿತು. ಸಾವಿರಾರು ಮೈಲಿ ಆಚೆಯ ತಾಯಿಯ ಹೊಟ್ಟೆಪಾಡು ನನಗೆ ಬಾಯಿಪಾಠ, ನಾಲ್ಕು ಮೊಳ ಆಚೆಯವಳದು ಗೊತ್ತಿರಲಿಲ್ಲ.

ಅಮ್ಮನ ಜೊತೆ ವಾದಕ್ಕೆ ಸಿದ್ಧನಾಗಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡೇ ಅಡಿಗೆಮನೆಗೆ ಹೋದೆ. ಅಮ್ಮ ಆಗಲೇ ದೊಡ್ಡ ತಟ್ಟೆ ತೆಗೆದು, ಅನ್ನ ಬಡಿಸಿ ತುಪ್ಪ ಹಾಕಿ, ಚೊಂಬಿಗೆ ಬಿಸಿನೀರು ತುಂಬುತ್ತಿದ್ದಳು.

"ನೀನು ಹುಟ್ಟಿದಾಗ ನಂಗೂ ಹೀಗೇ ಹಸಿವಾಗ್ತಿತ್ತು," ಅಂದಳು, ನನ್ನ ಕಡೆ ನೋಡದೆ. "ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ದಾರಿ ಬಿಡು, ಅವಳು ಕಾಯ್ತಿದಾಳೆ."

ನಾನು ಪುಸ್ತಕ ಬೆನ್ನ ಹಿಂದೆ ಮಾಡಿಕೊಂಡು ದಾರಿ ಬಿಟ್ಟೆ.