ಜಗಲಿ ಹಿಡಿಸಿದಷ್ಟು ಜಾಡಿ

ಮೊನ್ನೆ ಮಾಲೂರಿನ ನಮ್ಮ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಮಾರಾಟ ವಿಭಾಗದ ಸಾಹೇಬರು ನನ್ನೆದುರಿಗೇ ಊಟಕ್ಕೆ ಕೂತಿದ್ದರು. ಮೊಸರನ್ನ ಕಲಸುತ್ತಾ, ನಾವು ತಿಂಗಳಿಗೆ ಮಾಡುವ ಸ್ವಿಚ್ಚುಗಳ ಒಂದೂವರೆ ಪಟ್ಟು ಆರ್ಡರಿಗೆ ಹೂಂ ಅಂದು ಬಂದಿರುವುದಾಗಿ, ಮಗಳಿಗೆ ಗಂಡು ಗೊತ್ತಾದವರ ಸಂಭ್ರಮದಲ್ಲಿ ತಿಳಿಸಿದರು. ಆಮೇಲೆ ಒಂದು ಹೋಳು ಮಾವಿನಕಾಯಿ ಉಪ್ಪಿನಕಾಯಿ ಬಾಯಿಗಿಟ್ಟು ಮುಖ ಕಿವುಚಿ, "ಥೂ, ಏನ್ ಹುಳಿ ಮೇಡಂ ಇದು!" ಅಂತ ಅದನ್ನು ತಟ್ಟೆಯ ಅಂಚಿಗೆ ತಳ್ಳಿದರು. ಸಾಸಿವೆ ಪುಡಿಯ ಘಾಟು ನನ್ನ ಮೂಗಿಗೆ ಬಂತು. ಆರ್ಡರಿನ ಸುದ್ದಿ ಕೇಳಿ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಯಾಕೆ ಅಂತ ಹೇಳಬೇಕಾದರೆ ನಿಮ್ಮನ್ನು ಒಂದು ಗಳಿಗೆ ಶ್ರೀನಿವಾಸಪುರದ ಸರೋಜತ್ತೆಯ ಮನೆಗೆ ಕರೆದುಕೊಂಡು ಹೋಗಬೇಕಾಗುತ್ತದೆ.

ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು. ನಾನು ಪ್ಲಾನಿಂಗ್ ವಿಭಾಗದವಳು. ಗಿರಾಕಿಗೆ ಎಷ್ಟು ಬೇಕು, ನಮ್ಮ ಮಿಷಿನ್ನುಗಳಿಗೆ ಎಷ್ಟಾಗುತ್ತದೆ, ಇವೆರಡನ್ನೂ ಒಂದೇ ಗಾಡಿಗೆ ಹೂಡುವುದು ನನ್ನ ಕೆಲಸ. ಎತ್ತುಗಳು ಒಂದೊಂದು ದಿಕ್ಕಿಗೆ ಎಳೆಯುತ್ತವೆ. ಗಾಡಿ ಚರಂಡಿಗೆ ಬಿದ್ದರೆ ಬೈಸಿಕೊಳ್ಳುವುದೂ ಸಂಬಳದಲ್ಲೇ ಸೇರಿದೆ.

ಸರೋಜತ್ತೆ ನನ್ನ ಅಪ್ಪನ ತಂಗಿ. ಮಾವಿನಕಾಯಿ ಕಾಲದಲ್ಲಿ ಆಕೆ ಊರವರಿಗೆಲ್ಲ ಆವಕಾಯಿ ಹಾಕಿಕೊಡುತ್ತಾಳೆ. ಉಪ್ಪಿನಕಾಯಿ ಮಾರುವುದಲ್ಲ, ಹಾಕಿಕೊಡುವುದು. ವ್ಯತ್ಯಾಸವಿದೆ. ನೀವು ನಿಮ್ಮ ಮರದ ಕಾಯಿ ಬುಟ್ಟಿಯಲ್ಲಿ ತರಬೇಕು, ನಿಮ್ಮದೇ ಜಾಡಿ ತರಬೇಕು. ಶ್ರೀನಿವಾಸಪುರದ ಸುತ್ತಮುತ್ತ ಜನ ಮಕ್ಕಳ ಹುಟ್ಟಿದ ದಿನ ಮರೆತರೂ ತಮ್ಮ ಮರದ ಕಾಯಿಯ ರುಚಿ ಮರೆಯುವುದಿಲ್ಲ. ಪಕ್ಕದ ಮನೆಯ ಮರದ್ದು ಬೆರೆತರೆ ಬಾಯಿಗಿಟ್ಟ ಕೂಡಲೇ ಹಿಡಿಯುತ್ತಾರೆ. ಆದ್ದರಿಂದ ಅತ್ತೆಯ ಜಗಲಿಯ ಮೇಲೆ ಜಾಡಿಗಳು ಸಾಲಾಗಿ ಕೂರುತ್ತವೆ, ಪ್ರತಿ ಜಾಡಿಯ ಹಿಂದೆ ಅದರ ಬುಟ್ಟಿ. ಹೆಸರು ಬರೆಯುವುದಿಲ್ಲ, ಚೀಟಿ ಅಂಟಿಸುವುದಿಲ್ಲ. ಕೂತ ಜಾಗವೇ ವಿಳಾಸ.

ಜಗಲಿಗೆ ಹದಿನೆಂಟು ಜಾಡಿ ಹಿಡಿಸುತ್ತಿತ್ತು. ಹದಿನೆಂಟಾದ ಮೇಲೆ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, "ಜಗಲಿ ತುಂಬ್ತು, ನಾಳೆ ಬನ್ನಿ" ಅನ್ನುತ್ತಿದ್ದಳು. ಹತ್ತೊಂಬತ್ತನೆಯವರು ಎಷ್ಟೇ ದೊಡ್ಡ ಮನುಷ್ಯರಾಗಲಿ, ಬುಟ್ಟಿ ಹೊತ್ತು ವಾಪಸ್ಸು. ಇದರ ಹಿಂದೆ ಏನೋ ಹಿರಿಯರ ಜ್ಞಾನವಿದೆ ಅಂತ ನೀವು ತಲೆದೂಗುವ ಮುಂಚೆಯೇ ಹೇಳಿಬಿಡುತ್ತೇನೆ. ಮಾವ ಮನೆ ಕಟ್ಟಿಸುವಾಗ ಚಪ್ಪಡಿ ಕಲ್ಲು ಅಷ್ಟಕ್ಕೇ ಮುಗಿದಿತ್ತು.

ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ಫ್ಯಾಕ್ಟರಿಯನ್ನು ರಿಪೇರಿಗೆಂದು ಒಂದು ವಾರ ಮುಚ್ಚಿದ್ದರು. ನಾನು ಅದೇ ತಾನೇ ಬೆಂಗಳೂರಿನಲ್ಲಿ ಮೂರು ದಿನದ ತರಬೇತಿ ಮುಗಿಸಿ, ಸರ್ಟಿಫಿಕೇಟು ಹಿಡಿದು ಬಂದಿದ್ದೆ. ಹೊಸದಾಗಿ ಸ್ಕೂಟರ್ ಕಲಿತವರು ಹಾಲಿನಂಗಡಿಗೂ ಸ್ಕೂಟರಿನಲ್ಲೇ ಹೋಗುವುದಿಲ್ಲವೆ, ನನ್ನ ಸ್ಥಿತಿಯೂ ಅದೇ. ಅತ್ತೆಯ ಜಗಲಿಯ ಮುಂದೆ ನಿಂತು, "ಅತ್ತೆ, ನಿಮ್ಮ ಬಾಟಲ್‌ನೆಕ್ ಈ ಜಗಲಿ" ಅಂದೆ.

"ನಂದು ಜಾಡಿ ಕಣೇ, ಅದರ ಕತ್ತು ಅಗಲ" ಅಂದಳು ಅತ್ತೆ.

ಆದರೂ ಒಪ್ಪಿದಳು. ನಮ್ಮ ಕ್ಯಾಂಟೀನಿನವರಿಗೂ ಎರಡು ಡ್ರಮ್ಮು ಉಪ್ಪಿನಕಾಯಿ ಬೇಕಂತೆ ಅಂತ ನಾನು ಹೇಳಿದ್ದೇ ತಡ, "ಫ್ಯಾಕ್ಟ್ರಿಯೋರು ನನ್ ಕೈಯಿಂದು ತಿಂತಾರಾ?" ಅಂತ ಅವಳ ಮುಖ ಅರಳಿತು. ಮಂಡಿಯಿಂದ ಕಾಯಿ ತರಿಸಿದೆವು. ಹಿತ್ತಲಲ್ಲಿ ಹಲಗೆ ಹಾಕಿಸಿ ಜಾಡಿಗಳಿಗೆ ಜಾಗ ಮಾಡಿದೆ. ಹೆಚ್ಚುವುದಕ್ಕೆ ಇಬ್ಬರಿದ್ದರು, ಇನ್ನಿಬ್ಬರನ್ನು ಕರೆಸಿದೆ. ದಿನಕ್ಕೆ ನಲವತ್ತು ಜಾಡಿ ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಆ ಅಕ್ಷರಗಳನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎರಡನೆಯ ದಿನ ಬೆಳಿಗ್ಗೆ ಯಲ್ದೂರಿನ ಬಸ್ಸಿನಲ್ಲಿ ಮುನಿಯಮ್ಮ ಬಂದಳು. ಅರವತ್ತು ದಾಟಿದ ಹೆಂಗಸು, ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಜಾಡಿ. ಬುಟ್ಟಿಯಲ್ಲಿದ್ದದ್ದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡವಾದ ಪುಟ್ಟ ಪುಟ್ಟ ಕಾಯಿ. ಅದನ್ನು ಇಳಿಸಿ ಅತ್ತೆಗೆ ಹೇಳಿದಳು: "ಸರೋಜಮ್ಮ, ಇದೇ ಕೊನೇದು. ಶುಕ್ರವಾರ ಮರ ಕಡೀತಾರೆ. ನನ್ ಮಗ ಅಲ್ಲೇ ಮನೆ ಕಟ್ತಾವ್ನೆ. ಕಟ್ಲಿ, ನಾನೇನ್ ಬ್ಯಾಡ ಅನ್ನಲ್ಲ. ಇದೊಂದು ಜಾಡಿ ಮಾತ್ರ ಸರಿಯಾಗಿ ಹಾಕ್ಕೊಡು ತಲ್ಲಿ."

ಮರ ನೆಟ್ಟವಳು ಅವಳ ಅತ್ತೆಯಂತೆ. ಬದುಕಿದ್ದಷ್ಟು ದಿನವೂ ಅದರ ನೆರಳಲ್ಲೇ ಕೂತು ಸೊಸೆಯನ್ನು ಬೈದಳಂತೆ. "ಬೈದ್ ಬೈದೇ ನೀರ್ ಹಾಕಿದ್ಲು ಆ ಮರಕ್ಕೆ" ಅಂತ ಹೇಳಿ ಮುನಿಯಮ್ಮ ಜೋರಾಗಿ ನಕ್ಕಳು. ನಗುತ್ತಲೇ ಒಂದು ಕಾಯಿ ಎತ್ತಿಕೊಂಡು ಸೆರಗಿನಲ್ಲಿ ಒರೆಸಿ, ಮತ್ತೆ ಬುಟ್ಟಿಗೇ ಇಟ್ಟಳು.

ಅವಳು ಬಸ್ಸಿಗೆ ಹೋದ ಮೇಲೆ ನಾನು ನನ್ನ ಜಾಣತನ ತೋರಿಸಿದೆ. ಹೆಚ್ಚುವವರು ಒಂದು ಬುಟ್ಟಿ ಮುಗಿಸಿ, ಮಣೆ ಒರೆಸಿ, ಇನ್ನೊಂದು ಬುಟ್ಟಿ ಎಳೆದುಕೊಳ್ಳುವಷ್ಟರಲ್ಲಿ ಎಷ್ಟು ಹೊತ್ತು ದಂಡವಾಗುತ್ತದೆ ಅಂತ ಕೈಗಡಿಯಾರ ಹಿಡಿದು ನೋಡಿದ್ದೆ. ದೊಡ್ಡ ಕಾಯಿ ಒಬ್ಬರಿಗೆ, ಸಣ್ಣ ಕಾಯಿ ಒಬ್ಬರಿಗೆ ಕೊಟ್ಟರೆ ಕೈ ನಿಲ್ಲುವುದೇ ಇಲ್ಲ! ಅತ್ತೆ ಒಳಗೆ ಸಾಸಿವೆ ಪುಡಿ ಮಾಡಿಸುತ್ತಿದ್ದಾಗ ನಾನು ಬುಟ್ಟಿಗಳನ್ನೆಲ್ಲ ಹಿತ್ತಲಿಗೆ ತರಿಸಿ, ಅಳತೆ ನೋಡಿ ನಾಲ್ಕು ಗುಡ್ಡೆ ಹಾಕಿಸಿದೆ. ಕಾಯಿ ಕಾಯಿಯೇ ಅಲ್ಲವೆ? ಫ್ಯಾಕ್ಟರಿಯಲ್ಲಿ ಒಂದು ಸ್ಕ್ರೂ ಇನ್ನೊಂದು ಸ್ಕ್ರೂವಿನಂತೆಯೇ ಇರುತ್ತದೆ. ಅತ್ತೆ ಹೊರಗೆ ಬರುವ ಹೊತ್ತಿಗೆ ಹೋಳುಗಳೆಲ್ಲ ಒಂದಾಗಿದ್ದವು. ಸಣ್ಣ ಕಾಯಿಯ ಹೋಳು ಕ್ಯಾಂಟೀನಿನ ಡ್ರಮ್ಮು ಸೇರಿದ್ದವು. ಅತ್ತೆ ಗುಡ್ಡೆ ನೋಡಿದಳು, ನನ್ನ ಮುಖ ನೋಡಿದಳು, ಅಲ್ಲೇ ಕುಕ್ಕರಿಸಿ ಕೂತಳು.

"ಮುನಿಯಮ್ಮನ್ದು ಎಲ್ಲೇ?"

ನಾನು ಡ್ರಮ್ಮಿನ ಕಡೆ ಕೈ ತೋರಿಸಿದೆ. ಎರಡು ಡ್ರಮ್ಮಿನಷ್ಟು ಮಂಡಿ ಕಾಯಿಯ ನಡುವೆ ಒಂದು ಬುಟ್ಟಿಯನ್ನು ಹುಡುಕುವುದು ಹೇಗೆ? ಅದೂ ಅಲ್ಲದೆ ಟೆಂಪೊ ಬಂದು ಬಾಗಿಲಲ್ಲಿ ನಿಂತಿತ್ತು, ಮಾತು ಕೊಟ್ಟಾಗಿತ್ತು. ಉಪ್ಪು, ಖಾರ, ಎಣ್ಣೆ ಬಿದ್ದು ಡ್ರಮ್ಮು ಮಾಲೂರಿಗೆ ಹೋಯಿತು. ಮುನಿಯಮ್ಮನ ಜಾಡಿಗೆ ಮಂಡಿ ಕಾಯಿ ತುಂಬಿದೆವು. ಉಳಿದವರ ಜಾಡಿಗೂ ಬೆರಕೆ ಹೋಳೇ ಬಿತ್ತು, ಆದರೆ ಅವರಿಗೆ ಮುಂದಿನ ವರ್ಷವೂ ಮರವಿರುತ್ತದೆ.

ನಾಲ್ಕನೆಯ ದಿನ ಅವಳು ಬಂದಳು. ಜಗಲಿಯ ಮೇಲೆ ಕೂತು, ಜಾಡಿ ಬಿಚ್ಚಿ, ಒಂದು ಹೋಳು ನಾಲಿಗೆಗೆ ಸೋಕಿಸಿದಳು.

"ಇದು ನಮ್ ಮರದ್ದಲ್ಲ."

"ಇನ್ನೂ ರುಚಿ ಕೂತಿಲ್ಲಮ್ಮ, ಮುಂದಿನ ವಾರ ನೋಡಿ, ಸರಿಹೋಗುತ್ತೆ" ಅಂದೆ ನಾನು. ಎಷ್ಟು ಸಲೀಸಾಗಿ ಅಂದೆ ಅಂತೀರಿ! ಗಿರಾಕಿಗಳಿಗೆ ಫೋನಿನಲ್ಲಿ ದಿನಾ ಹೇಳಿ ಹೇಳಿ ಪಳಗಿದ ಮಾತು ಅದು. ಮುನಿಯಮ್ಮ ಜಾಡಿಯ ಬಾಯಿಗೆ ಮತ್ತೆ ಬಟ್ಟೆ ಕಟ್ಟಿದಳು. ಓದಿದ ಹುಡುಗಿ, ಸುಳ್ಳು ಯಾಕೆ ಹೇಳುತ್ತಾಳೆ ಅಂದುಕೊಂಡಳೋ ಏನೋ, ಜಾಡಿ ಕಂಕುಳಿಗಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಅಷ್ಟೊತ್ತಿಗೆ ಮರ ಕಡಿದಾಗಿತ್ತು.

ಅತ್ತೆ ಎದ್ದಳು. ಗೋಡೆಯ ಮೇಲಿನ ಸೀಮೆಸುಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ, "ಸುಳ್ ಹೇಳೋ ಕೆಪಾಸಿಟಿ ಮಾತ್ರ ಚೆನ್ನಾಗೈತೆ ಕಣೇ ನಿಂಗೆ" ಅಂದಳು. ತರಬೇತಿಯಲ್ಲಿ ಆ ಪದ ನೂರು ಸಲ ಕೇಳಿದ್ದೆ. ಅರ್ಥವಾದದ್ದು ಅವತ್ತು.

ಆಮೇಲೆ ಫ್ಯಾಕ್ಟರಿ ಶುರುವಾಯಿತು. ಒಂದು ವಾರ ಮುನಿಯಮ್ಮನನ್ನು ಮರೆಯಲು ನೋಡಿದೆ, ಆಗಲಿಲ್ಲ. ಕ್ಯಾಂಟೀನಿಗೆ ಹೋದರೆ ತಟ್ಟೆ ತಟ್ಟೆಯಲ್ಲೂ ಅವಳ ಮರ. ಜನ "ಹುಳಿ, ಹುಳಿ" ಅಂತ ಅಂಚಿಗೆ ತಳ್ಳುತ್ತಿದ್ದರು. ತೊಳೆಯುವ ಕಡೆ ಬಕೆಟ್ಟಿನ ತುಂಬ ಹೋಳು. ಕೊನೆಗೆ ಒಂದು ಮಧ್ಯಾಹ್ನ ಅಡುಗೆಯವರನ್ನು ಕೇಳಿಕೊಂಡು, ತಳ ಕಾಣುತ್ತಿದ್ದ ಎರಡನೆಯ ಡ್ರಮ್ಮಿನೊಳಗೆ ಭುಜದವರೆಗೆ ಕೈ ಬಿಟ್ಟೆ. ಪುಟ್ಟ ಹೋಳು ಹನ್ನೊಂದು ಸಿಕ್ಕವು. ಖಾಲಿ ಜಾಮಿನ ಬಾಟಲಿಯಲ್ಲಿ ಹಾಕಿಕೊಂಡು ಭಾನುವಾರ ಯಲ್ದೂರಿಗೆ ಹೋದೆ. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ, ಅಷ್ಟು ಘಾಟು.

ಮರವಿದ್ದ ಕಡೆ ಪಾಯದ ಗುಂಡಿ ತೋಡಿದ್ದರು. ಮುನಿಯಮ್ಮ ಅದರ ಅಂಚಿನಲ್ಲಿ ಕೂತು ಕೆಲಸದವರನ್ನು ಗದರುತ್ತಿದ್ದಳು. ನಾನು ನಡೆದದ್ದೆಲ್ಲ ಹೇಳಿದೆ. ಏನನ್ನೂ ಮುಚ್ಚಲಿಲ್ಲ. ಕೇಳಿಸಿಕೊಂಡವಳು ಬೈಯಲು ಶುರುಮಾಡಿದಳು ನೋಡಿ! ಮೊದಲು ಕನ್ನಡದಲ್ಲಿ, ಅದು ಸಾಲದೆ ತೆಲುಗಿನಲ್ಲಿ. ನನ್ನ ಓದು, ನನ್ನ ಫ್ಯಾಕ್ಟರಿ, ನನ್ನನ್ನು ಹೆತ್ತವರು, ಯಾರನ್ನೂ ಬಿಡಲಿಲ್ಲ. ಕೆಲಸದವರು ಗುದ್ದಲಿ ಇಳಿಸಿ ನಿಂತು ಕೇಳಿದರು. ಅವಳ ಅತ್ತೆಯ ವಿದ್ಯೆ ಎಲ್ಲೂ ಹೋಗಿರಲಿಲ್ಲ. ಬೈದು ಮುಗಿಸಿ, ಕಣ್ಣೊರೆಸಿಕೊಂಡು, ಬಾಟಲಿ ಬಿಚ್ಚಿ ಒಂದು ಹೋಳು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು.

"ಹೂಂ. ಇದೇ" ಅಂದಳು. ಆಮೇಲೆ ಕೇಳಿದಳು: "ನಿಮ್ ಫ್ಯಾಕ್ಟ್ರಿಯೋರು ಏನಂದ್ರು?"

ಚೆನ್ನಾಗಿದೆ ಅಂದರು ಅನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ನುಂಗಿಕೊಂಡೆ. "ಹುಳಿ ಅಂದ್ರಮ್ಮ. ಸುಮಾರು ಜನ ತಟ್ಟೇಲೇ ಬಿಟ್ರು."

ಮುನಿಯಮ್ಮನ ಮುಖ ದೀಪ ಹಚ್ಚಿದಂತಾಯಿತು. "ಮತ್ತೆ! ನಮ್ಮತ್ತೆ ಮರ ಕಣೇ ಅದು! ಅಷ್ಟ್ ಸುಲಭವಾಗಿ ಒಳಕ್ಕೆ ಇಳೀತದಾ?"

ಈಗ ಅತ್ತೆಯ ಜಗಲಿಯ ಮೇಲೆ ಹದಿನೇಳೇ ಜಾಡಿ ಕೂರುತ್ತವೆ. ಒಂದು ಜಾಗ ಸದಾ ಖಾಲಿ. ಹೋದ ವರ್ಷ ಆ ಜಾಗವನ್ನು ಕೈಯಿಂದ ಸವರುತ್ತಾ, "ಅದು ಮುನಿಯಮ್ಮನ ಜಾಗ ಅಲ್ವಾ ಅತ್ತೆ?" ಅಂತ ಕೇಳಿದೆ. "ಏನೇ ನಿಂದು? ನಾನು ಕೂತ್ಕೊಳ್ಳೋದು ಬೇಡ್ವಾ?" ಅಂದಳು.

ಸಾಹೇಬರು ಮೊಸರನ್ನ ಮುಗಿಸಿದರು. "ಆಗಲ್ಲ ಸಾರ್" ಅಂದೆ. "ಗೊತ್ತು ಮೇಡಂ, ಮುಂದಿನ ವಾರ ಕಳಿಸ್ತೀವಿ ಅಂತ ಹೇಳೋಣ, ಆಮೇಲೆ ನೋಡ್ಕೊಳ್ಳೋಣ" ಅಂದರು ಅವರು.

ನಾನು ಕೈ ಚಾಚಿದೆ. "ಫೋನ್ ಕೊಡಿ, ನಾನೇ ಮಾತಾಡ್ತೀನಿ."

ಆ ಕಡೆಯ ಗಿರಾಕಿಗೆ ನಮ್ಮಿಂದ ಎಷ್ಟಾಗುತ್ತದೆ, ಎಷ್ಟಾಗುವುದಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಹತ್ತು ನಿಮಿಷ ಬೈದರು. ಸಾಹೇಬರು ಬೆವರು ಒರೆಸಿಕೊಳ್ಳುತ್ತಿದ್ದರು. ನಾನು ಅವರ ತಟ್ಟೆಯ ಅಂಚಿನ ಹೋಳನ್ನು ನೋಡುತ್ತಾ, ಹೂಂ, ಹೂಂ ಅನ್ನುತ್ತಾ ಕೇಳಿಸಿಕೊಂಡೆ. ಪಾಪ, ಬೈಯುವುದಕ್ಕೆ ಆ ಗಿರಾಕಿಗೆ ಮುನಿಯಮ್ಮನಷ್ಟು ಚೆನ್ನಾಗಿ ಬರುತ್ತಿರಲಿಲ್ಲ.