ಹಗೇವಿನೊಳಗೆ ಕಂದೀಲು

"ಅಣ್ಣಾ, ಒಳಗ ಕಾಲಿಗೆ ಬಿಸಿ ಹತ್ತಾಕತ್ತೈತಿ!"

ಹೋದ ಭಾನುವಾರ ಮಧ್ಯಾಹ್ನ ಬಸು ಹೀಗೆಂದಾಗ ನಾನು ನಕ್ಕುಬಿಟ್ಟೆ. ಬಸು ನನ್ನ ಚಿಗವ್ವನ (ಅವ್ವನ ತಂಗಿ) ಒಬ್ಬನೇ ಮಗ. ಕನ್ನೊಳ್ಳಿಯ ಅವರ ಮನೆಯಂಗಳದಲ್ಲಿ ಇನ್ನೂ ಹಗೇವು ಇದೆ. ಜೋಳ ಇಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಹೋದ ವರ್ಷ ಜೋಳ ಹಾಕಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದ್ದರು. ಅವತ್ತು ಕಲ್ಲು ಸರಿಸಿದ್ದೇ ತಡ, ಬಸು ಏಣಿ ಇಟ್ಟ. ನಾನು ಮೊಬೈಲ್ ಟಾರ್ಚಿನ ಬೆಳಕು ಬಿಟ್ಟೆ. ತಳದ ಕಾಳು ಕಾಳೂ ಕಾಣಿಸಿತು.

"ಕ್ಲಿಯರ್ ಐತಿ, ಇಳಿ" ಎಂದೆ. (ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು.)

ಎರಡು ಮೆಟ್ಟಿಲು ಇಳಿದ ಬಸು ಬಿಸಿ ಎಂದು ಕೂಗಿದ್ದು ಕೇಳಿ ಅಡುಗೆಮನೆಯಿಂದ ಓಡಿ ಬಂದ ಚಿಗವ್ವ ಮಗನ ತೋಳು ಹಿಡಿದು ಮೇಲಕ್ಕೆ ಜಗ್ಗಿದಳು. "ಕಂದೀಲು ಇಳಿಸಿ ನೋಡಿದ್ರೇನು?"

"ಟಾರ್ಚ್ ಐತಲ್ಲ ಚಿಗವ್ವಾ. ಎಲ್ಲಾ ಕಾಣಾಕತ್ತೈತಿ."

"ಕಾಣಾಕಲ್ಲೋ ಮಾಸ್ತರ! ನಿನ್ನ ಮೊಬೈಲು ಉಸರಾಡ್ತೈತೇನು?"

ಕಂದೀಲು ಹಚ್ಚಿ, ಹಗ್ಗ ಕಟ್ಟಿ ಬಿಟ್ಟಳು. ಸ್ವಲ್ಪ ಕೆಳಗೆ ಹೋಗುತ್ತಲೇ ಉರಿ ಸಣ್ಣಗಾಯಿತು. ಆರಿತು. ಗಾಳಿ ಬೀಸಿರಲಿಲ್ಲ. ಸದ್ದಿಲ್ಲ, ವಾಸನೆಯೂ ಇಲ್ಲ. ಒಳಗೆ ಯಾರೋ ಕೂತು ಮೆಲ್ಲಗೆ ಬತ್ತಿ ಇಳಿಸಿದ ಹಾಗೆ. ಮತ್ತೆ ಹಚ್ಚಿದಳು; ಅದೇ ಮಟ್ಟಕ್ಕೆ ಬಂದು ಮತ್ತೆ ಆರಿತು. ಮೂರನೇ ಸಲವೂ ಅಲ್ಲಿಯೇ.

ಪಾಠ ಆಗ ನೆನಪಾಯಿತು. ಗಾಳಿಯಲ್ಲಿ ನೂರಕ್ಕೆ ಎಪ್ಪತ್ತೆಂಟು ಪಾಲು ಸಾರಜನಕ, ಇಪ್ಪತ್ತೊಂದು ಪಾಲು ಆಮ್ಲಜನಕ. ಉಳಿದ ಒಂದರಲ್ಲಿ ಆರ್ಗಾನ್, ಚಿಟಿಕೆಯಷ್ಟು ಇಂಗಾಲದ ಡೈಆಕ್ಸೈಡ್. ಎಷ್ಟು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ! ಆದರೆ ಮುಚ್ಚಿಟ್ಟ ಜೋಳವೂ ಉಸಿರಾಡುತ್ತದಲ್ಲ? ವರ್ಷವಿಡೀ ಕತ್ತಲಲ್ಲಿ ಕೂತು ಅದು ಆಮ್ಲಜನಕ ತಿಂದು ಮುಗಿಸಿತ್ತು. ಬಿಟ್ಟ ಉಸಿರು, ಆ ಭಾರದ ಇಂಗಾಲದ ಡೈಆಕ್ಸೈಡ್, ಒಳಗೇ ತುಂಬಿ ನಿಂತಿತ್ತು. ಬಸುವಿನ ಕಾಲಿಗೆ ಹತ್ತಿದ ಬಿಸಿಯೂ ಅದೇ ಜೋಳದ್ದು. ನಾವು ದಿನಾ ರೊಟ್ಟಿ ಮಾಡಿಕೊಂಡು ತಿನ್ನುವ ಜೋಳ!

ಇನ್ನು ನಾಲ್ಕು ಮೆಟ್ಟಿಲು ಇಳಿದಿದ್ದರೆ ಬಸು ಕೂಗಿಗೂ ಉಸಿರಿಲ್ಲದೆ ಕುಸಿಯುತ್ತಿದ್ದ. ಇಳಿ ಎಂದವನು ನಾನು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಎರಡು ದಿನ ಹಗೇವಿನ ಬಾಯಿ ತೆರೆದೇ ಇರಲಿ, ಕಂದೀಲು ಆರದಿದ್ದರೆ ಆಮೇಲೆ ಇಳಿಯೋಣ ಎಂದು ಚಿಗವ್ವ ರೊಟ್ಟಿ ಬಡಿಯಲು ಕೂತಳು. ನನಗೆ ತಡೆಯಲಾಗಲಿಲ್ಲ.

"ಚಿಗವ್ವಾ, ಬಸು ಒಳಗ ಬಿದ್ದಿದ್ರ ಏನ್ ಮಾಡ್ತಿದ್ದಿ?"

ನಾನಂತೂ ಅವನನ್ನು ಎತ್ತಲು ಹಿಂದೆಯೇ ಇಳಿದು ಅಲ್ಲೇ ಕುಸಿಯುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು.

ಅವಳ ಕೈ ನಿಂತಿತು. "ನಿನ್ನ ಗಟ್ಟ್ಯಾಗಿ ಹಿಡಕೊಂಡು ಕೂಡ್ತಿದ್ದೆ."

ಹೆತ್ತ ಮಗ ಒಳಗೆ ಬಿದ್ದಿರುವಾಗ ಹಾಗೆ ಹಿಡಿದುಕೊಂಡು ಕೂರಲು ಎಷ್ಟು ಉಸಿರು ಬೇಕು, ಹೇಳಿ?